ನಹುಷನ ಸರ್ಪಜನ್ಮವೂ ಪರದೇಶದ ಘಟಸರ್ಪಗಳೂ

ಸರ್ಪರೂಪವನ್ನು ಕಂಡೊಡನೆ ಅದು ಆಸುರವೆಂದು ನಿರ್ಣಯಿಸುವುದು ನಮ್ಮ ಸಂಪ್ರದಾಯಕ್ಕೆ ಸಮ್ಮತವಲ್ಲ. ಶ್ರೀಹರಿಯ ಶಯ್ಯೆಯಾದ ಶೇಷದೇವರು ಸರ್ಪರೂಪಿಗಳು. ಪಾಜಕಕ್ಷೇತ್ರದಲ್ಲಿ ಬಾಲರೂಪಿಗಳಾದ ಶ್ರೀಮದಾಚಾರ್ಯರನ್ನು ಕಚ್ಚಲು ಬಂದು ಅವರ ಪಾದಾಂಗುಷ್ಠದಿಂದ ಹತನಾದ ಮಣಿಮಂತನೂ ಸರ್ಪರೂಪಿಯೇ. ಪರದೇಶಗಳಲ್ಲಿಯೂ ಹೀಗೆಯೇ. ಡ್ರಾಗನ್ ಎಂಬ ಘಟಸರ್ಪವು ಚೀನದಲ್ಲಿ ಮಳೆಯನ್ನು ಕರುಣಿಸುವ ಮಂಗಳಜೀವಿ. ಯೂರೋಪಿನಲ್ಲಿ ನಿಧಿಯ ಮೇಲೆ ಮಲಗಿ ವಿಷವನ್ನೋ ಬೆಂಕಿಯನ್ನೋ ಉಗುಳುವ ಕ್ರೂರಜೀವಿ. ಹಾಗಾದರೆ ಭಯಪಡಬೇಕಾದುದು ಯಾವುದಕ್ಕೆ? ಮನುಷ್ಯರೇ ಘಟಸರ್ಪಗಳಾದ ಮೂರು ಕಥೆಗಳನ್ನು ಇಲ್ಲಿ ವಿಚಾರಿಸೋಣ.

ಮೊದಲನೆಯದು ಹದಿಮೂರನೆಯ ಶತಮಾನದ ಐಸ್‌ಲ್ಯಾಂಡಿನ ವೋಲ್ಸುಂಗ ಸಾಗಾದಲ್ಲಿ ಬರುವ ಫಾಫ್ನಿರನ ಕಥೆ. ಶಾಪಗ್ರಸ್ತವಾದ ಹೊನ್ನಿಗಾಗಿ ಅವನು ತಂದೆಯನ್ನೇ ಕೊಂದು, ತಮ್ಮನಿಗೆ ಪಾಲು ಕೊಡದೆ, ನಿಧಿಯನ್ನು ಕಾಯುತ್ತ ಘಟಸರ್ಪನಾದನು. ಸಿಗುರ್ದ್ ಎಂಬ ವೀರನು ಕುಳಿಯಲ್ಲಿ ಅಡಗಿದ್ದು ಕೆಳಗಿನಿಂದ ಖಡ್ಗದಿಂದ ತಿವಿದನು. ಸಾಯುವ ಮುನ್ನ ಫಾಫ್ನಿರನು, ಈ ಹೊನ್ನೇ ನಿನಗೂ ಮೃತ್ಯುವಾಗುವುದೆಂದು ಎಚ್ಚರಿಸಿದನು. ಸಿಗುರ್ದನು ಕೇಳಲಿಲ್ಲ, ಹೊನ್ನನ್ನು ಕೊಂಡೊಯ್ದನು, ಮುಂದೆ ಹತನೂ ಆದನು. ಸರ್ಪವು ಸತ್ತರೂ ಲೋಭವು ಸಾಯಲಿಲ್ಲ.

ಎರಡನೆಯದು 1952ರಲ್ಲಿ ಪ್ರಕಟವಾದ ಸಿ. ಎಸ್. ಲೂಯಿಸರ ಮಕ್ಕಳ ಕಾದಂಬರಿ, 'ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್'. ಯೂಸ್ಟೇಸ್ ಎಂಬ ಬಾಲಕನು ಲೋಭದ ಯೋಚನೆಗಳೊಡನೆ ನಿಧಿಯ ಮೇಲೆ ನಿದ್ರಿಸಿ, ಘಟಸರ್ಪವಾಗಿ ಎಚ್ಚರಗೊಳ್ಳುತ್ತಾನೆ. ತನ್ನ ಚರ್ಮವನ್ನು ತಾನೇ ಪದೇ ಪದೇ ಸುಲಿದುಕೊಂಡರೂ ಒಳಗೆ ಮತ್ತೊಂದು ಚರ್ಮವಿರುತ್ತದೆ. ಕೊನೆಗೆ ದೈವಸ್ವರೂಪಿಯಾದ ಸಿಂಹವು ತನ್ನ ಉಗುರುಗಳಿಂದ ಅದನ್ನು ಸೀಳಿದಾಗಲೇ ಬಾಲಕನು ಮೊದಲಿನಂತಾಗುತ್ತಾನೆ. ಗ್ರಂಥಕರ್ತರು ಕ್ರೈಸ್ತರು, ಅವರ ಸಿದ್ಧಾಂತ ಬೇರೆ. ಆದರೂ ಬಂಧವು ಸ್ವಪ್ರಯತ್ನಮಾತ್ರದಿಂದ ಕಳೆಯದೆಂಬ ಅಂಶವು ವಿಚಾರಾರ್ಹವಾಗಿದೆ.

ಮೂರನೆಯದು ವನಪರ್ವದ ಅಜಗರೋಪಾಖ್ಯಾನ. ವೃತ್ರವಧೆಯ ದೋಷದಿಂದ ಇಂದ್ರನು ಮರೆಯಾದಾಗ ದೇವತೆಗಳು ನಹುಷನನ್ನು ಇಂದ್ರಪದವಿಯಲ್ಲಿ ಕುಳ್ಳಿರಿಸಿದರು. ಅವನು ಮದಾಂಧನಾಗಿ ಶಚೀದೇವಿಯನ್ನು ಬಯಸಿದನು. ಋಷಿಗಳ ಹೆಗಲಿಗೆ ಪಲ್ಲಕ್ಕಿಯನ್ನು ಹೊರಿಸಿದನು. ಅಗಸ್ತ್ಯರಿಗೆ ಕಾಲು ತಾಗಿಸಿದನು. ಅವರ ಶಾಪದಿಂದ ಹೆಬ್ಬಾವಾಗಿ ಬಿದ್ದನು. ಕಾಲಾಂತರದಲ್ಲಿ ಅವನು ಹಿಡಿದದ್ದು ತನ್ನ ವಂಶದವನೇ ಆದ ಭೀಮಸೇನನನ್ನು. ವಾಯ್ವವತಾರನಾದ ಭೀಮನಿಗೆ ಇದರಿಂದ ನ್ಯೂನತೆಯುಂಟೆಂದು ಸಜ್ಜನರು ತಿಳಿಯಬಾರದು. ಅದು ಋಷಿಯ ವರವನ್ನು ಮನ್ನಿಸಿದ ಲೀಲೆ. ಇಲ್ಲಿ ಬಿಡುಗಡೆಯು ಜ್ಞಾನದಿಂದ ಆಗಬೇಕಾಗಿತ್ತು.

ಅಲ್ಲಿ ಸರ್ಪವು ಧರ್ಮರಾಜನನ್ನು ಕೇಳಿದ ಪ್ರಶ್ನೆಗಳು ಎರಡು: ಬ್ರಾಹ್ಮಣನು ಯಾರು? ತಿಳಿಯಬೇಕಾದುದು ಯಾವುದು? ಸತ್ಯ, ದಾನ, ಕ್ಷಮೆ, ಶೀಲ, ತಪಸ್ಸು, ದಯೆಗಳು ಯಾರಲ್ಲಿ ಕಾಣುವುವೋ ಅವನೇ ಬ್ರಾಹ್ಮಣನು. ಲೌಕಿಕ ಸುಖದುಃಖಗಳಿಗೆ ಅತೀತನಾದ ಪರಬ್ರಹ್ಮನೇ ತಿಳಿಯತಕ್ಕವನು, ಎಂಬುದು ಧರ್ಮರಾಜನ ಉತ್ತರ. ಬ್ರಾಹ್ಮಣರನ್ನು ಅವಮಾನಿಸಿ ಬಿದ್ದವನಿಗೆ ಬ್ರಾಹ್ಮಣ್ಯದ ಲಕ್ಷಣವನ್ನು ಕೇಳಿದಾಗ ಬಿಡುಗಡೆ ದೊರೆಯಿತು. ವಂಶವನ್ನೂ ಯಜ್ಞೋಪವೀತವನ್ನೂ ಮುಂದಿಟ್ಟು ಶೀಲವನ್ನು ಮರೆಯುವ ನಮಗೂ ಈ ಉತ್ತರವು ಎಚ್ಚರಿಕೆಯೇ ಆಗಿದೆ.

ಮೂರನ್ನೂ ಹೋಲಿಸಿರಿ. ಫಾಫ್ನಿರನು ಲೋಭದಿಂದ ಕೆಟ್ಟನು, ಎತ್ತುವವರಿರಲಿಲ್ಲ. ಯೂಸ್ಟೇಸನು ಲೋಭದಿಂದ ಕೆಟ್ಟನು, ಅನುಗ್ರಹದಿಂದ ಎದ್ದನು. ನಹುಷನು ಮದದಿಂದ ಬಿದ್ದನು. ಶಪಿಸಿದ ಋಷಿಯೇ ಶಾಪದ ಅಂತ್ಯವನ್ನೂ ಹೇಳಿದ್ದನು. ಶಾಪವು ದೇಹವನ್ನು ಬದಲಾಯಿಸಿತೇ ಹೊರತು ಜೀವಸ್ವರೂಪವನ್ನಲ್ಲ. ಜ್ಞಾನಭಕ್ತಿಗಳಿಂದ ಪ್ರಸನ್ನನಾದ ಶ್ರೀಹರಿಯ ಪ್ರಸಾದವೇ ಬಂಧವನ್ನು ಬಿಡಿಸುವುದೆಂಬ ನಮ್ಮ ಸಿದ್ಧಾಂತಕ್ಕೆ ಇದು ಅನುಗುಣವಾಗಿದೆ.

ಇಂದು ನಮ್ಮ ಮಕ್ಕಳು ಘಟಸರ್ಪಗಳ ಕಥೆಗಳನ್ನು ಓದುತ್ತಾರೆ, ಚಲನಚಿತ್ರಗಳಲ್ಲಿಯೂ ನೋಡುತ್ತಾರೆ. ಅವರನ್ನು ಗದರಿಸಿ ಪುಸ್ತಕವನ್ನು ಕಸಿದುಕೊಳ್ಳುವುದಕ್ಕಿಂತ, ಪಕ್ಕದಲ್ಲಿ ಕುಳಿತು ನಹುಷನ ಕಥೆಯನ್ನು ಹೇಳುವುದು ಲೇಸು. ಸರ್ಪವನ್ನು ಕೊಂದವನಾರೆಂದು ಮಗುವು ಕೇಳೀತು. ಆ ಮನುಷ್ಯನು ಸರ್ಪವಾದುದೇಕೆ, ಮರಳಿ ಮೇಲೆದ್ದುದು ಹೇಗೆ ಎಂಬ ಪ್ರಶ್ನೆಗಳನ್ನು ನಾವು ಕಲಿಸಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥