ಗೀಸರಿಗೆ ಟೈಮರ್: ಹೊಂದಿಸುವ ಬಗೆ

ಧಾರಾವಿಯ ನಮ್ಮ ಹೋಟೆಲುಗಳಲ್ಲಿ ಬೆಳಗ್ಗೆ 6ಕ್ಕೆ ಬಾಗಿಲು ತೆರೆಯುವಾಗಲೇ ಬಿಸಿನೀರು ಬೇಕು. ರಾತ್ರಿಯಿಡೀ ಗೀಸರ್ ಹಾಕಿಟ್ಟರೆ ಆರಿದ ನೀರನ್ನೇ ಅದು ಮತ್ತೆ ಮತ್ತೆ ಕಾಯಿಸುತ್ತದೆ. ಬೆಸ್ಟ್‌ನ ಬಿಲ್ಲು ಏರುತ್ತದೆ. ಇದಕ್ಕೆ ಪ್ಲಗ್ ಟೈಮರ್ ಒಳ್ಳೆಯ ಉಪಾಯ.

ಮೊದಲು ಲೋಡು ನೋಡೋಣ. 2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಟೈಮರ್ ಸುಟ್ಟೀತು. 16 ಆಂಪಿಯರಿನದೇ ಬೇಕು. ಸಾಕೆಟ್ಟು, ವಯರು ಅಷ್ಟನ್ನು ತಾಳುವಂತಿರಲಿ, ಅರ್ಥಿಂಗ್ ಇರಲೇಬೇಕು.

ಸಾಮಾನ್ಯ ಟೈಮರಿನ 24 ಗಂಟೆಯ ಡಯಲಿನಲ್ಲಿ 96 ಹಲ್ಲುಗಳಿರುತ್ತವೆ. ಒಂದೊಂದೂ 15 ನಿಮಿಷ. ಡಯಲು ತಿರುಗಿಸಿ ಈಗಿನ ಸಮಯವನ್ನು ಬಾಣದ ಗುರುತಿಗೆ ತನ್ನಿ. ಸಂಜೆ 5 ಎಂದರೆ 17, ಮರೆಯಬೇಡಿ. 25 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೇರಲು ಅರ್ಧ ಗಂಟೆಗಿಂತ ತುಸು ಹೆಚ್ಚು ಬೇಕು. ಆದ್ದರಿಂದ 5.15ರಿಂದ 6ರವರೆಗಿನ 3 ಹಲ್ಲುಗಳನ್ನು ಒತ್ತಿದರೆ ಸಾಕು. ಬದಿಯ ಗುಂಡಿ ಗಡಿಯಾರದ ಗುರುತಿನಲ್ಲಿರಲಿ. ಗೋಡೆಯ ಸ್ವಿಚ್ಚೂ ಗೀಸರಿನ ಸ್ವಿಚ್ಚೂ ಆನ್ ಇರಲಿ.

ಕರೆಂಟು 1 ಗಂಟೆ ಹೋದರೆ ಡಯಲೂ 1 ಗಂಟೆ ಹಿಂದೆ ಬೀಳುತ್ತದೆ, ಮತ್ತೆ ಹೊಂದಿಸಬೇಕು. ಬ್ಯಾಟರಿಯುಳ್ಳ ಡಿಜಿಟಲ್ ಟೈಮರಿಗೆ ಈ ತಾಪತ್ರಯವಿಲ್ಲ.

ಇನ್ನು, ಟೈಮರಿಗೆ ಹಾಕಬಾರದವು. ರುಬ್ಬುವ ಗ್ರೈಂಡರ್ ಬೇಡವೇ ಬೇಡ: ಕೆಲಸದವನು ಕೈಹಾಕಿ ತೊಳೆಯುವಾಗ ಅದು ತಾನಾಗಿ ತಿರುಗಿದರೆ ಕೈಯೇ ಹೋದೀತು. ನೀರಿಲ್ಲದ ಬಕೆಟ್ಟಿನಲ್ಲಿ ಕಾಯಿಸುವ ರಾಡ್ ಹತ್ತಿಕೊಂಡರೆ ಬೆಂಕಿಯ ಭಯ. ಮಾಳಿಗೆಯಲ್ಲಿ ಮಲಗಿದವರನ್ನು ನೆನೆಯಿರಿ. ಫ್ರಿಜ್ಜನ್ನೂ ಹಾಕಬೇಡಿ, ಹಾಲು, ಹಿಟ್ಟು ಕೆಡುತ್ತವೆ. ಉಳಿಸುವ ನಾಲ್ಕು ಕಾಸಿಗಿಂತ ಕೆಲಸದವರ ಜೀವ, ಗಿರಾಕಿಯ ಆರೋಗ್ಯ ನಮಗೆ ದೊಡ್ಡದು.