ಭೌತವಿಜ್ಞಾನದ ಪದವಿಯಿಂದ ಸಮ್ಮಿಲನ ಶಕ್ತಿಯ ಸಂಶೋಧನೆಯವರೆಗೆ

ಸೂರ್ಯನ ಶಕ್ತಿಗೆ ಬೈಜಿಕ ಸಮ್ಮಿಲನವೇ ಮೂಲವೆಂದು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುವುದು ತರಗತಿಯ ವಾಡಿಕೆ. ಆ ವಾಕ್ಯದಿಂದ ಹೊರಡುವ ಒಂದು ವೃತ್ತಿಪಥವೂ ಉಂಟೆಂಬುದನ್ನು ಗಡಿನಾಡಿನ ವಿದ್ಯಾರ್ಥಿಗೆ ತಿಳಿಸಬೇಕಾದವರು ಶಿಕ್ಷಕರೇ.

ವಿಷಯ ವಿವರಣೆ: ಡ್ಯೂಟೀರಿಯಂ ಮತ್ತು ಟ್ರಿಟಿಯಂ ಬೀಜಗಳು ಕೂಡಿದಾಗ ಹೀಲಿಯಂ ಹಾಗೂ ಒಂದು ನ್ಯೂಟ್ರಾನ್ ಉಂಟಾಗಿ, 17.6 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ. ಧನಾವೇಶವುಳ್ಳ ಬೀಜಗಳು ಪರಸ್ಪರ ವಿಕರ್ಷಿಸುವುದರಿಂದ, ಟೊಕಾಮಾಕ್ ಎಂಬ ಬಳೆಯಾಕಾರದ ಯಂತ್ರದಲ್ಲಿ ಇದನ್ನು ಸಾಧಿಸಲು 10 ಕೋಟಿ ಡಿಗ್ರಿಗೂ ಮಿಗಿಲಾದ ಉಷ್ಣತೆ ಬೇಕು. ಅಷ್ಟು ಕಾದ ಪ್ಲಾಸ್ಮಾವನ್ನು ಗೋಡೆಗೆ ತಾಗದಂತೆ ಹಿಡಿದಿಡುವುದು ಕಾಂತಕ್ಷೇತ್ರ. ಈ ತತ್ತ್ವ ಭೌತವಿಜ್ಞಾನದ್ದು. ಅತಿವಾಹಕ ಕಾಂತಗಳನ್ನು ಸುಮಾರು -269 ಡಿಗ್ರಿಯಲ್ಲಿ ಇರಿಸುವುದು, ನ್ಯೂಟ್ರಾನುಗಳ ಹೊಡೆತವನ್ನು ತಾಳುವ ಲೋಹವನ್ನು ರೂಪಿಸುವುದು, ಲಿಥಿಯಂನಿಂದ ಟ್ರಿಟಿಯಂ ಪಡೆಯುವುದು ಎಂಜಿನಿಯರಿಂಗ್ ಸಮಸ್ಯೆಗಳು. ಶಕ್ತಿ ಮನೆಮನೆಗೆ ತಲುಪುವುದು ಇವು ಬಗೆಹರಿದ ಮೇಲೆಯೇ.

ಪಥ: ಭಾರತದಲ್ಲಿ ಈ ಕ್ಷೇತ್ರದ ಮುಖ್ಯ ಕೇಂದ್ರ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ. ಇದರ ಸ್ಥಾಪಕ ನಿರ್ದೇಶಕ ಪ್ರೆಧಿಮನ್ ಕೃಷ್ಣ ಕಾವ್ ಅವರು ಸೈದ್ಧಾಂತಿಕ ಭೌತವಿಜ್ಞಾನಿ. ಆದರೂ ಅವರ ನೇತೃತ್ವದ ಸಂಸ್ಥೆಯಲ್ಲಿಯೇ 1989ರಲ್ಲಿ ದೇಶದಲ್ಲಿಯೇ ವಿನ್ಯಾಸಗೊಳಿಸಿ ನಿರ್ಮಿಸಿದ ಮೊದಲ ಟೊಕಾಮಾಕ್ ‘ಆದಿತ್ಯ’ ಕಾರ್ಯಾರಂಭ ಮಾಡಿತು. ಭೌತವಿಜ್ಞಾನದಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿದವರು ಜೆಸ್ಟ್‌ನಂತಹ ಅರ್ಹತಾ ಪರೀಕ್ಷೆ ಹಾಗೂ ಸಂದರ್ಶನದ ಮೂಲಕ ಇಲ್ಲಿ ಪಿಎಚ್.ಡಿ.ಗೆ ಸೇರಬಹುದು. ಅನಂತರ ನಿರ್ವಾತ ತಂತ್ರ, ಅತಿಶೀತ ತಂತ್ರ, ಉಷ್ಣ ವರ್ಗಾವಣೆ, ಗಣಕ ಅನುಕರಣೆಗಳಲ್ಲಿ ಒಂದನ್ನಾದರೂ ಕೈವಶ ಮಾಡಿಕೊಂಡವರಿಗೆ ಯಂತ್ರನಿರ್ಮಾಣದ ಬಾಗಿಲು ತೆರೆಯುತ್ತದೆ. ಫ್ರಾನ್ಸಿನ ಈಟರ್ ಯೋಜನೆಗೆ ಸುಮಾರು 30 ಮೀಟರ್ ಎತ್ತರದ ಕ್ರಯೋಸ್ಟಾಟನ್ನು ಒದಗಿಸಿದ್ದು ಭಾರತವೇ.

ಬೋಧನಾ ಸೂಚನೆ: ಎರಡು ದಂಡಕಾಂತಗಳ ಸಜಾತಿ ಧ್ರುವಗಳನ್ನು ಮಕ್ಕಳೇ ಒತ್ತಿ ಸೇರಿಸಲಿ, ಕೈಗೆ ಸಿಗುವ ಆ ಪ್ರತಿರೋಧದಿಂದ ಬೀಜಗಳ ವಿಕರ್ಷಣೆಯನ್ನು ಊಹಿಸಲಿ. ಬಲದ ಬಗೆ ಬೇರೆ ಎಂಬುದನ್ನು ಶಿಕ್ಷಕರು ಸ್ಪಷ್ಟಪಡಿಸಬೇಕು. ಮುಂದಿನ ಹಂತದಲ್ಲಿ ವಿಜ್ಞಾನದ ಭಾಷೆ ಇಂಗ್ಲಿಷಾದಾಗ ಎಷ್ಟೋ ಮಕ್ಕಳು ಪರಿಕಲ್ಪನೆಯಲ್ಲಿ ಅಲ್ಲ, ಪದದಲ್ಲಿ ಎಡವುತ್ತಾರೆ. ಆದುದರಿಂದ ಸಮ್ಮಿಲನ, ವಿಕರ್ಷಣೆ, ನಿರ್ವಾತ, ಅತಿವಾಹಕ ಎಂಬ ಪದಗಳ ಅರ್ಥವನ್ನು ಕನ್ನಡದಲ್ಲಿ ಗಟ್ಟಿಗೊಳಿಸಿದ ಬಳಿಕ, ಅವುಗಳ ಇಂಗ್ಲಿಷ್ ರೂಪಗಳನ್ನೂ ಕರಿಹಲಗೆಯ ಮೇಲೆ ಜತೆಯಾಗಿ ಬರೆಯತಕ್ಕದ್ದು. ಅರ್ಥ ತಿಳಿದ ಮಗುವಿಗೆ ಹೊಸ ಪದ ಹೊರೆಯಾಗದು.