ಗ್ರೋಗು ಕಿವಿ ಆಡ್ಸೋದು ಹೆಂಗೆ?

'ದಿ ಮ್ಯಾಂಡಲೋರಿಯನ್' ನೋಡಿದವರಿಗೆ ಗ್ರೋಗು ಗೊತ್ತೇ ಇರ್ತಾನೆ. 2019ರ ನವೆಂಬರಿನಲ್ಲಿ, ಮೊದಲ ಎಪಿಸೋಡಿನ ಕೊನೆಗೆ ತೊಟ್ಟಿಲಿನಿಂದ ಕೈ ಚಾಚಿದ ಹಸಿರು ಕೂಸು. ವಯಸ್ಸು ಮಾತ್ರ 50! ಹೆಸರು ತಿಳಿದದ್ದು ಎರಡನೇ ಸೀಸನ್ನಿನಲ್ಲಿ. ಅಲ್ಲಿವರೆಗೆ ಎಲ್ಲರ ಬಾಯಲ್ಲೂ 'ಬೇಬಿ ಯೋಡಾ'.

ಅದು ಪೂರಾ ಗ್ರಾಫಿಕ್ಸ್ ಅಂದ್ಕೊಂಡಿದ್ವಿ. ಅಲ್ಲ. ಹೆಚ್ಚಿನ ದೃಶ್ಯಗಳಲ್ಲಿ ಅದು ನಿಜವಾದ ಗೊಂಬೆ, ಲೆಗಸಿ ಎಫೆಕ್ಟ್ಸ್ ಸ್ಟುಡಿಯೋ ಮಾಡಿದ್ದು. ಚರ್ಮದ ಕೆಳಗೆ ಮೋಟಾರುಗಳು. ಕಣ್ಣು ಒಬ್ಬರು, ಕಿವಿ-ಬಾಯಿ ಇನ್ನೊಬ್ಬರು ರಿಮೋಟಿನಲ್ಲಿ ಆಡಿಸ್ತಾರೆ.

ಇಂಥ ಕೆಲಸಕ್ಕೆ ಬೇಕಾದ್ದು ಸರ್ವೋ, ಅಂದರೆ ಹೇಳಿದ ಕೋನಕ್ಕೆ ಹೋಗಿ ನಿಲ್ಲೋ ಮೋಟಾರು. ನಮ್ಮ ಲ್ಯಾಬಿನ ಚಿಕ್ಕ ಸರ್ವೋ ಒಳಗೆ ಪೊಟೆನ್ಶಿಯೋಮೀಟರ್ ಇದೆ. ಈಗ ಎಷ್ಟು ತಿರುಗಿದೆ ಅಂತ ಅದು ತಿಳಿಸುತ್ತೆ, ಉಳಿದ ವ್ಯತ್ಯಾಸ ಸೊನ್ನೆ ಆಗೋವರೆಗೆ ಸರ್ಕಿಟ್ ಮೋಟಾರನ್ನ ತಿರುಗಿಸುತ್ತೆ.

ಮಿನಿ ಪ್ರಾಜೆಕ್ಟಿಗೆ ನಾವೂ ಎರಡು ಕಿವಿ ಮಾಡಿದ್ವಿ. 0ಯಿಂದ ಸೀದಾ 90 ಡಿಗ್ರಿಗೆ ಕಳಿಸಿದ್ರೆ ಚಿಲಕ ಬಿದ್ದಂಗೆ ಟಕ್ ಅಂತು. ಸತ್ತ ಗೊಂಬೆ! ಕೋಡಿನಲ್ಲಿ ಒಂದೊಂದೇ ಡಿಗ್ರಿ ಮಾಡಿ, ನಡುವೆ 15 ಮಿಲಿಸೆಕೆಂಡ್ ಬಿಟ್ವಿ. 1.35 ಸೆಕೆಂಡಿನಲ್ಲಿ ಕಿವಿ ಮೆಲ್ಲಗೆ ಇಳೀತು, ಮುನಿಸಿಕೊಂಡ ಕೂಸಿನ ಹಂಗೆ. ಎಡಕ್ಕಿಂತ ಬಲಗಿವಿ ಚೂರು ತಡ ಮಾಡಿದಾಗಂತೂ ಪಕ್ಕದ ಬ್ಯಾಚಿನವರೂ ನೋಡೋಕೆ ಬಂದ್ರು.

ಆದರೆ ಮುಖ? ನಮ್ಮಲ್ಲಿ ಅರಭಾವಿಯ ಗೆಳೆಯನೊಬ್ಬ ಮನೆಯಿಂದ ಗೋಕಾಕದ ಕಟ್ಟಿಗೆ ಹಣ್ಣು ತಂದು ಪಕ್ಕದಲ್ಲಿಟ್ಟ. ಮೋಟಾರಿಲ್ಲ, ಕೋಡಿಲ್ಲ, ಬರೀ ಬಣ್ಣ; ಆದ್ರೂ ತಿನ್ನೋಕೆ ಕೈ ಹೋಗುತ್ತೆ. ನಮ್ಮ ಬೂದು ಪ್ಲಾಸ್ಟಿಕ್ ತಲೆ ಅದರ ಮುಂದೆ ಸಪ್ಪೆ. ಡೆಮೋಗೆ ಇನ್ನು ಎರಡು ವಾರ. ಈ ಭಾನುವಾರ ತಲೆ ಹೊತ್ಕೊಂಡು ಗೋಕಾಕಕ್ಕೆ ಹೊರಟಿದ್ದೀವಿ.